ಒಂದೇ ಗುಡ್ಡ, ಒಂದು ವರ್ಷ: ಚಿತ್ರದುರ್ಗ–ದಾವಣಗೆರೆಯವರಿಗೆ ನೆಮ್ಮದಿಯ ನಡಿಗೆ

ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. "ದಿನಾ ವಾಕಿಂಗ್ ಹೋಗ್ತೀನಿ, ಶುಗರ್ ಇಳಿದಿದೆ. ಆದರೆ ಮನಸ್ಸಿಗೆ ಸಮಾಧಾನ ಅನ್ನೋದೇ ಇಲ್ಲ, ಯಾಕೆ?" "ಬೆಂಗಳೂರು ಬಿಟ್ಟು ಊರಿಗೆ ಬಂದೆ, ಸರಳವಾಗಿ ಬದುಕಬೇಕು ಅಂತ ಆಸೆ, ಎಲ್ಲಿಂದ ಶುರು ಮಾಡಲಿ?" ಇನ್ನೊಂದು, "ದಿನಕ್ಕೆ ಎಷ್ಟು ಹೆಜ್ಜೆ ನಡೀಬೇಕು?"

ಮೂರನೆಯದಕ್ಕೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಹತ್ತು ಸಾವಿರ ಹೆಜ್ಜೆ ಎಂಬ ಲೆಕ್ಕ ಯಾವ ಡಾಕ್ಟರೂ ಹೇಳಿ ಹುಟ್ಟಿದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಒಂದು ಸಾಧನ ಮಾರಾಟಕ್ಕೆ ಬಂತು. ಅದರ ಹೆಸರು 'ಮಾನ್ಪೊ-ಕೇ', ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್. ಹೆಸರು ಚೆನ್ನಾಗಿತ್ತು, ಸಂಖ್ಯೆ ಉಳಿದುಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕುವುದು ನಿಮಿಷದಲ್ಲಿ. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ, ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ. ಅಷ್ಟೆ.

ಉಳಿದ ಎರಡು ಪ್ರಶ್ನೆಗಳಿಗೆ ಉತ್ತರ ಸ್ವಲ್ಪ ಉದ್ದ. ನಾನು ಹೇಳುವ ದಾರಿ ಇದು: ಮನೆಗೆ ಹತ್ತಿರದ ಒಂದೇ ಒಂದು ಜಾಗ ಆರಿಸಿಕೊಳ್ಳಿ. ಒಂದು ವರ್ಷ ಅಲ್ಲಿಗೇ ಹೋಗಿ. ನಮ್ಮಲ್ಲಿ ಬಹಳ ಜನ ವಾರಕ್ಕೊಂದು ಜಾಗ ಬದಲಿಸುತ್ತಾರೆ, ಫೋಟೊ ತೆಗೆಯುತ್ತಾರೆ, ಮೂರು ತಿಂಗಳಿಗೆ ಬೇಜಾರಾಗಿ ಬಿಡುತ್ತಾರೆ. ಒಂದೇ ಜಾಗಕ್ಕೆ ಹೋಗುವವರಿಗೆ ಬೇಜಾರು ಬೇಗನೇ ಬರುತ್ತದೆ, ನಿಜ. ಆದರೆ ಅದನ್ನು ದಾಟಿದ ಮೇಲೆ ಕಣ್ಣು ಕೆಲಸ ಮಾಡಲು ಶುರು ಮಾಡುತ್ತದೆ.

ಒಂದು ಮಾತು ಇಲ್ಲೇ ಹೇಳಬೇಕು. ದಿನವಿಡೀ ಈರುಳ್ಳಿ ಹೊಲದಲ್ಲಿ ಬಗ್ಗಿ ದುಡಿಯುವವರಿಗೆ, ಗಾರೆ ಕೆಲಸದವರಿಗೆ ಈ ಲೇಖನ ಅಲ್ಲ. ಅವರಿಗೆ ಬೇಕಾಗಿರುವುದು ನೆರಳು, ಸರಿಯಾದ ಕೂಲಿ, ನಿದ್ದೆ. ಇದು ಕುರ್ಚಿಯಲ್ಲಿ ಕೂತು ಬೆನ್ನು ಹಿಡಿದವರಿಗೆ.

ಏನೇನು ಬೇಕು

ಬಂಡೆ ಮೇಲೆ ಜಾರದ, ಅಡಿಯಲ್ಲಿ ಗೀರುಗಳಿರುವ ಬೂಟು ಅಥವಾ ಹಿಂದೆ ಪಟ್ಟಿ ಇರುವ ಗಟ್ಟಿ ಚಪ್ಪಲಿ. ಹವಾಯಿ ಚಪ್ಪಲಿ ಬೇಡ. ಒಂದು ಲೀಟರ್ ನೀರು. ಟೋಪಿ ಅಥವಾ ಟವೆಲ್ಲು. ಜೇಬಿನಲ್ಲಿ ಒಂದು ಅಚ್ಚು ಬೆಲ್ಲ. ಮನೆಯವರ ಫೋನ್ ನಂಬರ್ ಬರೆದ ಚೀಟಿ. ಸ್ಮಾರ್ಟ್ ವಾಚು, ಟ್ರ್ಯಾಕ್ ಸೂಟು, ಮಡಚುವ ಕುರ್ಚಿ ಯಾವುದೂ ಬೇಡ. ಸರಳ ಬದುಕು ಶುರು ಮಾಡಲು ಎಂಟು ಸಾವಿರ ಖರ್ಚು ಮಾಡಿದವರನ್ನು ನೋಡಿದ್ದೇನೆ, ನಗಬೇಡಿ, ಅದರಲ್ಲಿ ನಾನೂ ಒಬ್ಬ.

ನಲವತ್ತು ದಾಟಿದ್ದರೆ, ಬಿಪಿ, ಶುಗರ್, ಹೃದಯ ಅಥವಾ ಮಂಡಿ ತೊಂದರೆ ಇದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಗುಡ್ಡ ಹತ್ತುತ್ತೇನೆ ಎಂದು ಬಿಡಿಸಿ ಹೇಳಿ. "ವಾಕಿಂಗ್" ಅಂದರೆ ಅವರು ಪಾರ್ಕಿನ ಸುತ್ತು ಅಂದುಕೊಳ್ಳುತ್ತಾರೆ.

ಹಂತ 1: ಜಾಗ ಆರಿಸಿಕೊಳ್ಳಿ

ಮನೆಯಿಂದ ಹದಿನೈದು ನಿಮಿಷದೊಳಗೆ ತಲುಪುವಂತಿರಬೇಕು. ಇದಕ್ಕಿಂತ ದೂರ ಆದರೆ ಮಳೆಗಾಲದ ಹೊತ್ತಿಗೆ ನೀವು ಮನೆಯಲ್ಲೇ ಇರುತ್ತೀರಿ.

ದುರ್ಗದವರಿಗೆ ಮೂರು ದಾರಿ ಇವೆ. ಒಂದು ಏಳುಸುತ್ತಿನ ಕೋಟೆ. ಮೆಟ್ಟಿಲು, ಬಂಡೆ, ಏರು ಎಲ್ಲ ಇದೆ, ಸ್ನಾಯುಗಳಿಗೆ ಬೇಕಾದ ಕೆಲಸವೂ ಅಲ್ಲೇ ಆಗುತ್ತದೆ. ಪುರಾತತ್ವ ಇಲಾಖೆಯ ಜಾಗ, ಬಾಗಿಲು ತೆರೆಯುವ ಹೊತ್ತು ಮತ್ತು ಟಿಕೆಟ್ ವಿಚಾರವನ್ನು ಮೊದಲ ದಿನವೇ ಕೇಳಿಕೊಂಡು ಬನ್ನಿ.

ಎರಡು, ಚಂದ್ರವಳ್ಳಿ. ಮೂರು ಗುಡ್ಡಗಳ ನಡುವಿನ ಕಣಿವೆ: ಈ ಕಡೆ ದುರ್ಗದ ಬೆಟ್ಟ, ಆ ಕಡೆ ಚೋಳಗುಡ್ಡ, ಕಿರುಬನಕಲ್ಲು. ಮಂಡಿ ನೋವಿನವರಿಗೆ, ವಯಸ್ಸಾದವರಿಗೆ ನಾನು ಹೇಳುವುದು ಇದನ್ನೇ. ಕೆರೆಯ ಪಕ್ಕ ನಡೆಯಬಹುದು, ನೆರಳಿದೆ. ಕದಂಬರ ಮಯೂರಶರ್ಮನ ಶಾಸನ ಇರುವುದು ಇಲ್ಲೇ, ಅದರಲ್ಲಿ ಕೆರೆಯ ಮಾತು ಬರುತ್ತದೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿ ಅಗೆಸಿದಾಗ ಶಾತವಾಹನರ ಕಾಲದ ಗುರುತುಗಳು ಸಿಕ್ಕವು. ಜನ ಈ ಕಣಿವೆಯನ್ನು ಆರಿಸಿಕೊಂಡು ಎರಡು ಸಾವಿರ ವರ್ಷವಾಗಿದೆ ಅಂದಮೇಲೆ ನೀವೂ ಧೈರ್ಯವಾಗಿ ಆರಿಸಿಕೊಳ್ಳಬಹುದು.

ಮೂರನೆಯದು ಜೋಗಿಮಟ್ಟಿ. ಇದು ಕಾಡು. ಕರಡಿ, ಚಿರತೆ ಇವೆ. ಅರಣ್ಯ ಇಲಾಖೆಯವರನ್ನು ಕೇಳದೆ, ಒಬ್ಬರೇ, ನಸುಕಿನಲ್ಲಿ ಅಥವಾ ಸಂಜೆ ಕತ್ತಲಾಗುವ ಹೊತ್ತಿನಲ್ಲಿ ಹೋಗಲೇಬಾರದು. ದಿನದ ನಡಿಗೆಗೆ ಇದನ್ನು ಇಟ್ಟುಕೊಳ್ಳಬೇಡಿ, ಅಪರೂಪಕ್ಕೆ ನಾಲ್ಕು ಜನ ಸೇರಿ ಹೋಗಿ.

ದಾವಣಗೆರೆಯವರಿಗೆ ಕುಂದವಾಡ ಕೆರೆ ಇದೆ. ಗುಡ್ಡ ಬೇಕೆಂದರೆ ಬಾತಿ ಗುಡ್ಡ. ಚನ್ನಗಿರಿ ಕಡೆಯವರಿಗೆ ಸೂಳೆಕೆರೆ, ಹರಿಹರದವರಿಗೆ ತುಂಗಭದ್ರೆಯ ದಡ. ಹಳ್ಳಿಯಲ್ಲಿದ್ದರೆ ನಿಮ್ಮೂರಿನ ಕೆರೆ ಏರಿಗಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಜಾಲಿ ಬೆಳೆದಿದ್ದರೂ ಪರವಾಗಿಲ್ಲ.

ಹಂತ 2: ಹೊತ್ತು ಗೊತ್ತು ಮಾಡಿ

ಬೆಳಗ್ಗೆ ಬೆಳಕು ಹರಿದ ಮೇಲೆ, ಬಿಸಿಲು ಏರುವ ಮೊದಲು. ಕಾರಣ ಬರೀ ತಂಪಲ್ಲ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ದೇಹದ ಗಡಿಯಾರ ಸರಿಯಾಗುತ್ತದೆ. ದೇಹದ ಗಡಿಯಾರ ಎಂದರೆ ಯಾವಾಗ ಎಚ್ಚರ, ಯಾವಾಗ ನಿದ್ದೆ ಎಂದು ಮೆದುಳು ಇಟ್ಟುಕೊಂಡಿರುವ ಲೆಕ್ಕ. ರಾತ್ರಿ ನಿದ್ದೆ ಬೇಗ ಬರಲು ಇದು ನೆರವಾಗುತ್ತದೆ. ನಿದ್ದೆ ಸರಿಯಾದರೆ ಅರ್ಧ ಸಿಡುಕು ಅಲ್ಲೇ ಹೋಗುತ್ತದೆ.

ಎಳೆ ಬಿಸಿಲಲ್ಲಿ ವಿಟಮಿನ್ ಡಿ ಸಿಗುತ್ತದೆ ಎಂಬ ನಂಬಿಕೆ ಮಾತ್ರ ಅಷ್ಟು ಸರಿಯಲ್ಲ. ಅದಕ್ಕೆ ಬೇಕಾದ ಕಿರಣ ಸೂರ್ಯ ಮೇಲೇರಿದಾಗ, ಸುಮಾರು ಹನ್ನೊಂದರಿಂದ ಎರಡರ ನಡುವೆ ಜಾಸ್ತಿ. ಬೇಸಿಗೆ ಬಿಟ್ಟು ಉಳಿದ ದಿನಗಳಲ್ಲಿ ಮಧ್ಯಾಹ್ನ ಹದಿನೈದು ಇಪ್ಪತ್ತು ನಿಮಿಷ ಕೈಕಾಲಿಗೆ ಬಿಸಿಲು ಬೀಳಲಿ. ಬಟ್ಟೆ ಒಣಹಾಕುವಾಗ ಆದರೂ ಸಾಕು.

ನಮ್ಮದು ಬಯಲುಸೀಮೆ. ಏಪ್ರಿಲ್, ಮೇ ತಿಂಗಳಲ್ಲಿ ಎಂಟು ಗಂಟೆಯೊಳಗೆ ಮನೆ ಸೇರಿ. ಬಂಡೆ ಕಾದರೆ ಕೆಳಗಿನಿಂದಲೂ ಸುಡುತ್ತದೆ. ಆಷಾಢದಲ್ಲಿ ದುರ್ಗದ ಗಾಳಿ ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಹೆದ್ದಾರಿಯಿಂದ ಕಾಣುವ ಆ ಗುಡ್ಡದ ಮೇಲಿನ ದೊಡ್ಡ ಫ್ಯಾನುಗಳನ್ನು ಸುಮ್ನೆ ನೆಟ್ಟಿಲ್ಲ. ಆ ತಿಂಗಳು ಬುರುಜಿನ ಅಂಚಿಗೆ ಹೋಗಬೇಡಿ, ಗೋಡೆಯ ಮರೆಯಲ್ಲಿ ನಡೆಯಿರಿ. ಚಳಿಗಾಲದಲ್ಲಿ ಉಬ್ಬಸ ಇರುವವರು ಒಂದು ಗಂಟೆ ತಡವಾಗಿ ಹೊರಡಲಿ.

ಹಂತ 3: ಮೊದಲ ಮೂರು ವಾರ ನಿಧಾನ

ಬಹಳ ಜನ ಎಡವುವುದು ಇಲ್ಲೇ. ಮೊದಲ ಭಾನುವಾರ ಕೋಟೆಯ ತುದಿ ಮುಟ್ಟುತ್ತಾರೆ. ಸೋಮವಾರ ಮಂಡಿ ಹಿಡಿದುಕೊಂಡು ಕೂರುತ್ತಾರೆ. ಬುಧವಾರಕ್ಕೆ ಕತೆ ಮುಗಿಯುತ್ತದೆ.

ಕೋಟೆ ಆರಿಸಿದವರು ಹೀಗೆ ಮಾಡಿ. ಮೊದಲ ವಾರ ಮದ್ದು ಬೀಸುವ ಕಲ್ಲುಗಳವರೆಗೆ ಹೋಗಿ ವಾಪಸ್. ಎರಡನೇ ವಾರ ಏಕನಾಥೇಶ್ವರಿ ಗುಡಿಯವರೆಗೆ. ಮೂರನೇ ವಾರ ಗೋಪಾಲಸ್ವಾಮಿ ಹೊಂಡದವರೆಗೆ. ವಾರಕ್ಕೆ ಐದು ದಿನ ಸಾಕು. ಎರಡು ದಿನ ಕಾಲಿಗೆ ರಜೆ.

ಎಷ್ಟು ಬಿರುಸು ಎಂಬುದಕ್ಕೆ ಮೀಟರ್ ಬೇಡ, ಬಾಯಿ ಸಾಕು. ನಡೆಯುತ್ತಾ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಮಾತೂ ಆಗದಷ್ಟು ಏದುಸಿರು ಬಂದರೆ ನಿಲ್ಲಿ. ಹಾಡು ಬಂದರೆ ಸ್ವಲ್ಪ ಬೇಗ ಹೆಜ್ಜೆ ಹಾಕಿ.

ಮಂಡಿ ಕೆಡುವುದು ಹತ್ತುವಾಗ ಕಡಿಮೆ, ಇಳಿಯುವಾಗ ಜಾಸ್ತಿ. ಇಳಿಯುವಾಗ ಮೈಭಾರವನ್ನು ತೊಡೆಯ ಸ್ನಾಯು ತಡೆದು ತಡೆದು ಬಿಡಬೇಕು, ಅದು ಸೋತರೆ ಹೊಡೆತ ಮಂಡಿಗೆ. ಅದಕ್ಕೆ ಸಣ್ಣ ಹೆಜ್ಜೆ ಹಾಕಿ, ಮಂಡಿ ಸ್ವಲ್ಪ ಬಾಗಿರಲಿ, ಎತ್ತರದ ಮೆಟ್ಟಿಲಲ್ಲಿ ಓರೆಯಾಗಿ ಇಳಿಯಿರಿ. ಒಂದು ಕೋಲು ಹಿಡಿದರೆ ಮರ್ಯಾದೆ ಹೋಗುವುದಿಲ್ಲ.

ಎದೆ ಬಿಗಿದಂತೆ, ದವಡೆ ಅಥವಾ ಎಡಗೈ ಎಳೆದಂತೆ ಆದರೆ ಅಲ್ಲೇ ಕೂತು 108ಕ್ಕೆ ಫೋನ್ ಮಾಡಿಸಿ. ಗ್ಯಾಸು ಎಂದುಕೊಂಡು ಇಳಿಯಲು ಹೋಗಬೇಡಿ. ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಕೈ ನಡುಗಿ, ತಣ್ಣನೆ ಬೆವರು ಬಂದರೆ ಬೆಲ್ಲ ಬಾಯಿಗೆ ಹಾಕಿಕೊಳ್ಳಿ. ಶುಗರ್ ಇರುವವರು ಬರಿಗಾಲಲ್ಲಿ ನಡೆಯಬೇಡಿ. ಕಾಲಿಗೆ ಗಾಯ ಆದದ್ದು ಗೊತ್ತೇ ಆಗುವುದಿಲ್ಲ.

ಹಂತ 4: ಹತ್ತು ನಿಮಿಷ ಸುಮ್ನೆ ಕೂರಿ

ಇಡೀ ಲೇಖನದಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ. ಸಮಾಧಾನ ಇಲ್ಲ ಎಂದು ಕೇಳುವವರನ್ನು ನಾನು ವಾಪಸ್ ಕೇಳುವುದು ಒಂದೇ: "ನಡೆಯುವಾಗ ಕಿವಿಯಲ್ಲಿ ಏನಿರುತ್ತೆ?" ಹೆಚ್ಚಿನವರಿಗೆ ಸುದ್ದಿ ಚಾನೆಲ್ಲು. ಕೆಲವರು ಅದನ್ನು ಸ್ಪೀಕರಿನಲ್ಲಿ ಹಾಕಿ ಊರಿಗೆಲ್ಲ ಹಂಚುತ್ತಾರೆ. ಗೆಳೆಯರ ಗುಂಪಿದ್ದರೆ ಸೈಟಿನ ರೇಟು, ಪಕ್ಷದ ಜಗಳ. ಕಾಲು ಗುಡ್ಡದ ಮೇಲೆ, ತಲೆ ಅಂಗಡಿಯಲ್ಲಿ.

ಮನೋವಿಜ್ಞಾನದಲ್ಲಿ ಕ್ಯಾಪ್ಲನ್ ದಂಪತಿ ಹೇಳಿದ ಒಂದು ವಿಚಾರ ಇದೆ. ಲೆಕ್ಕ ಮಾಡುವಾಗ, ಗಾಡಿ ಓಡಿಸುವಾಗ ನಾವು ಗಮನವನ್ನು ಬಲವಂತವಾಗಿ ಒಂದು ಕಡೆ ಹಿಡಿದಿಡುತ್ತೇವೆ. ಆ ಹಿಡಿತ ದಣಿಯುತ್ತದೆ, ದಣಿದಾಗ ಸಿಡುಕು ಬರುತ್ತದೆ. ಎಲೆ ಅಲ್ಲಾಡುವುದು, ನೀರಿನ ಮೇಲೆ ಗಾಳಿ ಹೋಗುವುದು ನಮ್ಮ ಗಮನವನ್ನು ತಾನಾಗಿ ಸೆಳೆಯುತ್ತದೆ, ನಾವು ಹಿಡಿಯಬೇಕಿಲ್ಲ. ಅಷ್ಟು ಹೊತ್ತು ಆ ಹಿಡಿತಕ್ಕೆ ವಿರಾಮ. 2019ರಲ್ಲಿ ಇಂಗ್ಲೆಂಡಿನ ಸುಮಾರು ಇಪ್ಪತ್ತು ಸಾವಿರ ಜನರ ಮೇಲೆ ನಡೆದ ಅಧ್ಯಯನವೊಂದು ಪ್ರಕಟವಾಯಿತು. ವಾರಕ್ಕೆ 120 ನಿಮಿಷವಾದರೂ ಹಸಿರಿನ ನಡುವೆ ಕಳೆದವರು ತಾವು ಚೆನ್ನಾಗಿದ್ದೇವೆ ಎಂದು ಹೇಳಿದ್ದು ಹೆಚ್ಚು. ಚೆನ್ನಾಗಿರುವವರೇ ಹೊರಗೆ ಹೋಗುತ್ತಾರೇನೋ ಎಂಬ ಅನುಮಾನ ಇದ್ದೇ ಇರುತ್ತದೆ. ಆದರೂ 120 ನಿಮಿಷ ಒಳ್ಳೆಯ ಗುರಿ, ದಿನಕ್ಕೆ ಹದಿನೇಳು ಹದಿನೆಂಟು ನಿಮಿಷ ತಾನೇ.

ಕೂರುವುದು ಹೇಗೆ? ಒಂದು ಬಂಡೆ ಗೊತ್ತು ಮಾಡಿಕೊಳ್ಳಿ. ದಿನಾ ಅದೇ ಬಂಡೆ. ಕೂರುವ ಮೊದಲು ಸಂದಿಯಲ್ಲಿ ಚೇಳು ಇದೆಯೇ ನೋಡಿ. ಫೋನನ್ನು ಫ್ಲೈಟ್ ಮೋಡಿಗೆ ಹಾಕಿ. ಕಣ್ಣು ಮುಚ್ಚಬೇಡಿ, ಇದು ಧ್ಯಾನ ಅಲ್ಲ. ನೋಡುತ್ತಾ ಕೂರಬೇಕು. ಮೊದಲ ವಾರ ಮನೆಯ ಕಂತು, ಮಗನ ರಿಸಲ್ಟು, ಭಾವಮೈದುನ ಆಡಿದ ಮಾತು ಎಲ್ಲ ಸಾಲಾಗಿ ಬರುತ್ತವೆ. ಬರಲಿ, ಓಡಿಸಬೇಡಿ. ಸುಮಾರು ಆರನೇ ನಿಮಿಷಕ್ಕೆ ಯಾವುದೋ ಹಕ್ಕಿ ಕೂಗುವುದು ಕೇಳಿಸುತ್ತದೆ. ಅದು ಮೊದಲಿನಿಂದ ಕೂಗುತ್ತಲೇ ಇತ್ತು.

ಒಂದು ಮರವನ್ನೂ ಗೊತ್ತು ಮಾಡಿಕೊಳ್ಳಿ. ವರ್ಷದುದ್ದಕ್ಕೂ ನೋಡಲು ನಮ್ಮ ಒಣ ಗುಡ್ಡಗಳಲ್ಲೂ ಸರಕಿದೆ. ಶಿವರಾತ್ರಿ ಆಸುಪಾಸಿಗೆ ಮುತ್ತುಗ ಕೆಂಪಾಗುತ್ತದೆ, ಎಲೆ ಇರುವುದಿಲ್ಲ, ಬರೀ ಹೂವು. ಯುಗಾದಿ ಹೊತ್ತಿಗೆ ಹೊಂಗೆ ಚಿಗುರು, ಬೇವಿನ ಹೂವು. ಮೇ ತಿಂಗಳಲ್ಲಿ ಕಕ್ಕೆ ಹಳದಿ ಗೊಂಚಲು ಇಳಿಬಿಡುತ್ತದೆ. ತಂಗಡಿ ಯಾರೂ ನೋಡದಿದ್ದರೂ ರಸ್ತೆ ಪಕ್ಕ ಹೂ ಬಿಟ್ಟುಕೊಂಡೇ ಇರುತ್ತದೆ. ಮಳೆ ಕಂಡ ಮೇಲೆ ಸೀತಾಫಲ. ಬಂಡೆ ಸಂದಿಯಲ್ಲಿ ಅದು ಹೇಗೆ ಕಾಯಿ ಕಟ್ಟುತ್ತದೋ ನನಗೆ ಇನ್ನೂ ಆಶ್ಚರ್ಯ. ಹಣ್ಣು ಕೀಳಬೇಡಿ, ಗಿಳಿ ಅಳಿಲಿಗೂ ಇರಲಿ.

ಕೋಟೆಯವರಿಗೆ ಇನ್ನೊಂದು ನೋಟ ಇದೆ. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ ಹೋಗುವಂತೆ ಹಿಂದಿನವರು ಜೋಡಿಸಿದ್ದಾರೆ. ಬಂಡೆಯ ಮೇಲೆ ಬಿದ್ದ ಮಳೆ ಪೋಲಾಗದಂತೆ ಇಷ್ಟು ಕೆಲಸ. ಜೋರು ಮಳೆಯ ಮರುದಿನ ಮೇಲಿನಿಂದ ಕೆಳಗಿನವರೆಗೆ ಆ ನೀರಿನ ಜಾಡು ಹಿಡಿದು ಬನ್ನಿ. ಒಂದೇ ದಿನದಲ್ಲಿ ಆಗುವುದಿಲ್ಲ, ನಾಲ್ಕೈದು ಮಳೆ ಬೇಕು.

ಫೋಟೊ ಬೇಕೇ ಬೇಕೆಂದರೆ ವಾರಕ್ಕೊಂದು, ಅದೇ ಜಾಗದಿಂದ, ಅದೇ ಮರದ್ದು. ಸ್ಟೇಟಸ್ಸಿಗೆ ಹಾಕಬೇಡಿ. ಹಾಕಿದರೆ ಯಾರ್ಯಾರು ನೋಡಿದರು ಎಂದು ನೋಡುವ ಕೆಲಸ ಶುರುವಾಗುತ್ತದೆ.

ಹಂತ 5: ಮನೆಯಲ್ಲೂ ಸ್ವಲ್ಪ ಇಳಿಸಿ

ದಾವಣಗೆರೆಯವರೇ, ಕೋಪ ಮಾಡಿಕೊಳ್ಳಬೇಡಿ. ಕುಂದವಾಡ ಕೆರೆ ಸುತ್ತಿ, ನೇರ ಬೆಣ್ಣೆದೋಸೆಗೆ ಹೋಗಿ, ಸಂಜೆ ಮಂಡಕ್ಕಿ ಮಿರ್ಚಿ ಆದರೆ ಲೆಕ್ಕ ಎಲ್ಲಿ ಹೋಯಿತು? ಬಿಡಿ ಎಂದು ಹೇಳುವ ಧೈರ್ಯ ನನಗಿಲ್ಲ. ವಾರಕ್ಕೊಂದು ದಿನ ಇಟ್ಟುಕೊಳ್ಳಿ, ಆ ದಿನ ಖುಷಿಯಾಗಿ ತಿನ್ನಿ.

ದಿನಾ ಸಿಗುವುದಕ್ಕೆ ಮನಸ್ಸು ಒಗ್ಗಿಹೋಗುತ್ತದೆ. ಹೊಸ ಫೋನು, ಹೊಸ ಸೋಫಾ, ಹೆಚ್ಚಿದ ಸಂಬಳ ಎಲ್ಲದರ ಖುಷಿಯೂ ಕೆಲವು ವಾರಕ್ಕೆ ಮಾಮೂಲಿಯಾಗುತ್ತದೆ, ಆಮೇಲೆ ಇನ್ನೊಂದು ಬೇಕು. ಇದಕ್ಕೆ ಮೂರು ಸಣ್ಣ ಕೆಲಸ ಹೇಳುತ್ತೇನೆ. ಸಾವಿರ ರೂಪಾಯಿ ಮೀರಿದ್ದನ್ನು ಕೊಳ್ಳುವ ಮೊದಲು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದು ಮೂವತ್ತು ದಿನ ಬಿಡಿ, ಔಷಧ ಮತ್ತು ಮಕ್ಕಳ ಫೀಸು ಬಿಟ್ಟು. ದಿನಕ್ಕೊಂದು ಕೆಲಸಕ್ಕೆ ಗಾಡಿ ತೆಗೆಯದೆ ನಡೆದು ಹೋಗಿ: ಹಾಲು, ತರಕಾರಿ, ಬ್ಯಾಂಕು ಯಾವುದಾದರೂ. ಮತ್ತೆ ಊಟದಲ್ಲಿ ಹತ್ತಿರದ್ದನ್ನು ತನ್ನಿ. ಹೊಸದುರ್ಗ, ಹಿರಿಯೂರು ಕಡೆಯ ಸಾವೆ, ನವಣೆ, ರಾಗಿ ನಮ್ಮ ಸಂತೆಯಲ್ಲೇ ಇರುವಾಗ ಪ್ಯಾಕೆಟ್ಟಿನ ಓಟ್ಸ್ ಯಾಕೆ? ನಡೆದು ಬಂದ ಮೇಲೆ ಒಂದು ಲೋಟ ರಾಗಿ ಅಂಬಲಿ, ಒಂದು ಹಿಡಿ ಚಳ್ಳಕೆರೆ ಶೇಂಗಾ. ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು.

ಎಚ್ಚರಿಕೆ ಒಂದಿದೆ. ಸರಳತೆಯನ್ನು ಮನೆಮಂದಿಯ ಮೇಲೆ ಹೇರಬೇಡಿ. ಟಿವಿ ಮಾರುವುದು, ಹೆಂಡತಿಯ ಪಾತ್ರೆ ಎಣಿಸುವುದು, ಅಪ್ಪನ ಕಾಫಿಗೆ ಸಕ್ಕರೆ ಕಡಿಮೆ ಮಾಡುವುದು ನಿಮ್ಮ ನೆಮ್ಮದಿಗೆ ಬೇರೆಯವರು ಕಟ್ಟುವ ದಂಡ. ನಿಮ್ಮ ಬೀರುವಿನಿಂದ ಶುರು ಮಾಡಿ.

ಹಂತ 6: ಕೋತಿ, ಜೇನು, ಪಾಚಿ

ಕೋಟೆಯ ಕೋತಿಗಳಿಗೆ ಪ್ಲಾಸ್ಟಿಕ್ ಕವರಿನ ಸದ್ದೇ ಊಟದ ಗಂಟೆ. ಕೈಯಲ್ಲಿ ಕವರು ಹಿಡಿಯಬೇಡಿ, ತಿನ್ನಲು ಕೊಡಬೇಡಿ, ಕಣ್ಣಿಟ್ಟು ಹಲ್ಲು ತೋರಿಸಿ ನಗಬೇಡಿ. ಅವುಗಳ ಭಾಷೆಯಲ್ಲಿ ಅದು ಜಗಳಕ್ಕೆ ಕರೆದಂತೆ. ಬಂಡೆಯ ಇಳುಕಿನಲ್ಲಿ ಹೆಜ್ಜೇನು ಕಟ್ಟುತ್ತದೆ. ಹೊಗೆ, ಗಾಢ ಸೆಂಟು, ಕಲ್ಲು ಯಾವುದೂ ಬೇಡ. ಎದ್ದರೆ ಮುಖಕ್ಕೆ ಟವೆಲ್ಲು ಸುತ್ತಿಕೊಂಡು ದೂರ ಓಡಿ.

ಹೊಂಡಗಳ ಮೆಟ್ಟಿಲಿಗೆ ಪಾಚಿ ಕಟ್ಟಿರುತ್ತದೆ. ಕಾಲು ತೊಳೆಯಲೂ ಇಳಿಯಬೇಡಿ, ಆಳ ಮೇಲಿನಿಂದ ತಿಳಿಯುವುದಿಲ್ಲ. ಕೋತಿರಾಜ್ ಎಂದೇ ಹೆಸರಾದ ಜ್ಯೋತಿರಾಜ್ ಬರಿಗೈಯಲ್ಲಿ ಕೋಟೆಯ ಗೋಡೆ ಹತ್ತುವುದನ್ನು ನೋಡಿ ಹುಡುಗರಿಗೆ ಹುರುಪು ಬರುತ್ತದೆ. ನೋಡಿ ಚಪ್ಪಾಳೆ ಹೊಡೆಯಿರಿ, ಹತ್ತಲು ಹೋಗಬೇಡಿ. ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ನಾಟಿ ಮದ್ದು ಹುಡುಕುವುದು ಬೇಡ. ಕಚ್ಚಿದ ಕಾಲು ಅಲುಗಾಡಿಸದೆ ಸೀದಾ ಆಸ್ಪತ್ರೆ.

ಹೆಣ್ಣುಮಕ್ಕಳು ಕೇಳುತ್ತಾರೆ, ಒಬ್ಬರೇ ಹೋಗಬಹುದಾ ಎಂದು. ಜನ ಓಡಾಡುವ ಹೊತ್ತಿನಲ್ಲಿ, ಜನ ಓಡಾಡುವ ದಾರಿಯಲ್ಲಿ ಹೋಗಿ. ಇಬ್ಬರಾದರೆ ಇನ್ನೂ ಒಳ್ಳೆಯದು. ಆದರೆ ಆ ಹತ್ತು ನಿಮಿಷ ಇಬ್ಬರೂ ಮಾತಾಡಬಾರದು ಎಂದು ಮೊದಲೇ ಒಪ್ಪಂದ ಮಾಡಿಕೊಳ್ಳಿ.

ಹಂತ 7: ಬೇಜಾರು ಬಂದಾಗ

ಸುಮಾರು ಆರನೇ ವಾರಕ್ಕೆ ಬರುತ್ತದೆ. "ಅದೇ ಬಂಡೆ, ಅದೇ ಮೆಟ್ಟಿಲು" ಎನಿಸುತ್ತದೆ. ಜಾಗ ಬದಲಿಸಬೇಡಿ. ಒಂದು ವಾರ ಸಂಜೆ ಹೋಗಿ, ಅಥವಾ ಸುತ್ತನ್ನು ತಿರುಗುಮುರುಗು ಮಾಡಿ. ಒಂದು ಹಳೇ ನೋಟ್‌ಬುಕ್ಕಿನಲ್ಲಿ ದಿನಕ್ಕೊಂದೇ ಸಾಲು ಬರೆಯಿರಿ: "ಇವತ್ತು ಕೆಂಬೂತ ಕಂಡಿತು." "ಹೊಂಡದ ನೀರು ಎರಡು ಮೆಟ್ಟಿಲು ಇಳಿದಿದೆ." ಮನಸ್ಸಿನ ಸ್ಥಿತಿ ಬರೆಯಬೇಡಿ, ಕಂಡದ್ದು ಬರೆಯಿರಿ. ತಪ್ಪಿದ ದಿನಕ್ಕೆ ಲೆಕ್ಕ ಇಡಬೇಡಿ, ಮರುದಿನ ಡಬಲ್ ನಡೆಯಲೂ ಬೇಡಿ.

ಫಲ ಯಾವಾಗ ಎಂದು ಕೇಳುವವರಿಗೆ ಮಾರಿಕಣಿವೆ ನೆನಪಿಸುತ್ತೇನೆ. 1907ರಲ್ಲಿ ಕಟ್ಟಿ ಮುಗಿಸಿದ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಿಮಗೆ ಅಷ್ಟು ಕಾಯುವ ಕರ್ಮವಿಲ್ಲ. ನಿದ್ದೆ ಕೆಲವೇ ವಾರದಲ್ಲಿ ಸುಧಾರಿಸಬಹುದು. ಉಳಿದದ್ದಕ್ಕೆ ಒಂದು ಸುತ್ತು ಋತು ತಿರುಗಲಿ.

ಆದರೆ ಎರಡು ವಾರ ದಾಟಿದರೂ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಊಟ ಸೇರುತ್ತಿಲ್ಲ, ಬದುಕೇ ಬೇಡ ಎನಿಸುತ್ತಿದೆ ಎಂದಾದರೆ ಅದನ್ನು ಗುಡ್ಡ ಹತ್ತಿ ಗೆಲ್ಲಲು ಹೋಗಬೇಡಿ. ಅದು ಕಾಯಿಲೆ ಇರಬಹುದು, ಅದಕ್ಕೆ ಔಷಧ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಡಿಗೆ ಅದರ ಜೊತೆಗೆ ಇರಲಿ.

ನಾಳೆಯೇ ಶುರು ಮಾಡುವವರು ರಾತ್ರಿಯೇ ಬಾಟಲಿ ತುಂಬಿ, ಬೂಟಿನ ಪಕ್ಕ ಬಾಗಿಲ ಹತ್ತಿರ ಇಡಿ. ಬೆಳಗ್ಗೆ ಟೋಪಿ ಎಲ್ಲಿ, ಸಾಕ್ಸ್ ಎಲ್ಲಿ ಎಂದು ಹುಡುಕುತ್ತಾ ನಿಂತರೆ ಬಿಸಿಲು ಏರಿಬಿಡುತ್ತದೆ.